ಬಿರಿಯೊಳಗಿನ ಗಾಳಿ

(ಬಾನುಲಿ ಭಾಷಣ)



ಮನುಷ್ಯನು ಚಲಿಸಿದ ಕಥೆಯನ್ನು ನಮ್ಮ ಚರಿತ್ರಕಾರರು ಸಾಕಷ್ಟು ವಿಸ್ತಾರವಾಗಿ ಬರೆದಿದ್ದಾರೆ. ಚಕ್ರ ಉರುಳಿದ್ದು, ಹಡಗು ತೇಲಿದ್ದು, ಉಗಿಬಂಡಿ ಓಡಿದ್ದು, ವಿಮಾನ ಹಾರಿದ್ದು, ಇವೆಲ್ಲಕ್ಕೂ ಇಸವಿಗಳ ಸಮೇತ ಇತಿಹಾಸವುಂಟು. ಆದರೆ ಓಡುತ್ತಿರುವ ಬಂಡಿಯನ್ನು ತನಗೆ ಬೇಕಾದ ಸ್ಥಳದಲ್ಲಿ ನಿಲ್ಲಿಸಲು ಅವನು ಕಲಿತ ಕಥೆಯನ್ನು ಬರೆದವರು ವಿರಳ. ಬಯಲುಸೀಮೆಯವರಿಗೆ ಇದೊಂದು ಕೊರತೆಯೆಂದು ತೋರದಿರಬಹುದು. ಅಲ್ಲಿ ಎತ್ತು ನಿಂತರೆ ಗಾಡಿಯೂ ನಿಂತೀತು. ಆದರೆ ಪಶ್ಚಿಮ ಘಟ್ಟದ ಬುಡದಲ್ಲಿರುವ ಪುತ್ತೂರು, ಸುಳ್ಯ, ಕಡಬಗಳ ಜನಕ್ಕೆ ಹೋಗುವುದಕ್ಕಿಂತ ನಿಲ್ಲುವುದೇ ದೊಡ್ಡ ವಿದ್ಯೆ. ನಮ್ಮ ಸೀಮೆಯಲ್ಲಿ ಮನೆಯಂಗಳದಿಂದ ಹೊರಟ ದಾರಿ ಒಂದೋ ಏರುತ್ತದೆ, ಇಲ್ಲವೇ ಇಳಿಯುತ್ತದೆ. ಸಮನಾಗಿ ಸಾಗುವ ದಾರಿ ಗದ್ದೆಯ ಬದುವಿನದು ಮಾತ್ರ.

ಬ್ರೇಕಿಗೆ ಕನ್ನಡದಲ್ಲಿ ‘ಬಿರಿ’ ಎಂಬ ಮಾತುಂಟು. ಮೊಗ್ಗು ಅರಳುವುದಕ್ಕೂ ನೆಲ ಬಾಯಿ ಬಿಡುವುದಕ್ಕೂ ನಾವು ಹೇಳುವ ‘ಬಿರಿ’ ಬೇರೆ, ಇದು ಬೇರೆ. ಇಂಗ್ಲಿಷಿನ ಒರಟು ಒತ್ತಕ್ಷರವನ್ನು ಕನ್ನಡದ ನಾಲಗೆ ತನಗೆ ಬೇಕಾದಂತೆ ಸಡಿಲಿಸಿ ಮೆತ್ತಗೆ ಮಾಡಿಕೊಂಡಿತೆಂದು ನಾನು ಊಹಿಸುತ್ತೇನೆ. ಕನ್ನಡ ಕಲಿಸಿ ನಿವೃತ್ತನಾದ ನನಗೆ ಪದಗಳು ಮೆತ್ತಗಾಗುವುದು ಸಂತೋಷದ ವಿಷಯವೇ. ಆದರೆ ಕಾರಿನ ಬಿರಿಯೇ ಕಾಲ ಕೆಳಗೆ ಮೆತ್ತಗಾದರೆ ಅದು ಪ್ರಾಣದ ಪ್ರಶ್ನೆ. ಗ್ಯಾರೇಜಿನ ಭಾಷೆಯಲ್ಲಿ ‘ಪೆಡಲು ಸ್ಪಂಜಿನಂತಾಗಿದೆ’, ‘ಬ್ರೇಕಿಗೆ ಗಾಳಿ ಹಿಡಿದಿದೆ’ ಎನ್ನುವ ಈ ರೋಗದ ಚರಿತ್ರೆಯನ್ನೂ ಚಿಕಿತ್ಸೆಯನ್ನೂ ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

ಮೊದಲು ದಾರಿಯ ಸಂಗತಿ. ಅಮರ ಸುಳ್ಯದ ಸೀಮೆ ಒಂದು ಕಾಲಕ್ಕೆ ಕೊಡಗಿನ ಅರಸರ ಕೈಯಲ್ಲಿತ್ತು. 1834ರಲ್ಲಿ ಕುಂಪಣಿ ಸರಕಾರ ಕೊಡಗನ್ನು ವಶಪಡಿಸಿಕೊಂಡ ಮೇಲೆ ಘಟ್ಟದ ಕೆಳಗಿನ ಈ ಭಾಗವನ್ನು ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಮೂರು ವರ್ಷಗಳ ಅನಂತರ, 1837ರಲ್ಲಿ, ಇದೇ ಸುಳ್ಯ ಬೆಳ್ಳಾರೆಗಳ ರೈತರು ದಂಗೆಯೆದ್ದು ಮಂಗಳೂರಿನವರೆಗೆ ನಡೆದು ಹೋದದ್ದು ಈಗ ಎಲ್ಲರೂ ಬಲ್ಲ ಸಂಗತಿ. ಅವರು ನಡೆದೇ ಹೋದರು ಎಂಬುದನ್ನು ಗಮನಿಸಬೇಕು. ಘಟ್ಟದ ಮೇಲಿನ ಊರಿಗೂ ಕೆಳಗಿನ ಊರಿಗೂ ನೂರಾರು ವರ್ಷ ಸಂಬಂಧವಿದ್ದುದು ಕಾಲುದಾರಿಯ ಮೂಲಕ, ತಲೆಹೊರೆಯ ಮೂಲಕ, ಹೇರಿನ ಎತ್ತುಗಳ ಮೂಲಕ. ಹೇರೆತ್ತಿಗೆ ಬಿರಿ ಬೇಡ, ಅದರ ನಾಲ್ಕು ಕಾಲುಗಳೇ ಬಿರಿ. ಗಾಡಿ ಓಡಾಡುವಷ್ಟು ಅಗಲದ ರಸ್ತೆಯಾದ ಮೇಲೆ ನಿಲ್ಲಿಸುವ ಚಿಂತೆ ಹುಟ್ಟಿತು.

ಇಳಿಜಾರಿನಲ್ಲಿ ಹೊರೆಗಾಡಿಯನ್ನು ತಡೆಯಲು ಮನುಷ್ಯ ಕಂಡುಕೊಂಡ ಉಪಾಯಗಳು ಲೋಕದಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ಹಿಂದಿನಿಂದ ಹಗ್ಗ ಕಟ್ಟಿ ಎಳೆದು ಹಿಡಿಯುವುದು, ಮರದ ದಿಮ್ಮಿಯೊಂದನ್ನು ಗಾಡಿಯ ಬಾಲಕ್ಕೆ ಕಟ್ಟಿ ನೆಲಕ್ಕೆ ಉಜ್ಜುತ್ತ ಒಯ್ಯುವುದು, ಚಕ್ರದ ಕಬ್ಬಿಣದ ಪಟ್ಟಿಗೆ ಮರದ ತುಂಡನ್ನು ಒತ್ತುವುದು. ಮೂರರ ತತ್ತ್ವವೂ ಉಜ್ಜಾಟವೇ. ಇಂಗ್ಲೆಂಡಿನ ಡರ್ಬಿಶೈರಿನ ಗುಡ್ಡಗಾಡಿನಲ್ಲಿ ಕುದುರೆಗಾಡಿಯವರು ಇಳಿಜಾರಿನಲ್ಲಿ ಹಳೆಯ ಬೂಟುಗಳನ್ನು ಚಕ್ರಕ್ಕೆ ಒತ್ತಿ ಹಿಡಿಯುತ್ತಿದ್ದುದನ್ನು ನೋಡಿದ ಹರ್ಬರ್ಟ್ ಫ್ರೂಡ್ ಎಂಬಾತ, 1897ರಲ್ಲಿ ಇದಕ್ಕಾಗಿಯೇ ಒಂದು ವಿಶೇಷವಾದ ಒತ್ತುಬಿಲ್ಲೆಯನ್ನು ತಯಾರಿಸಿದ. ಇಂದಿಗೂ ಪ್ರಸಿದ್ಧವಾಗಿರುವ ‘ಫೆರೊಡೊ’ ಲೈನಿಂಗುಗಳ ಮೂಲ ಅಲ್ಲಿದೆ. ಗುಡ್ಡದ ಜನರ ಕಷ್ಟದಿಂದಲೇ ನಿಲ್ಲಿಸುವ ವಿದ್ಯೆಗೆ ಒಂದು ಮಹತ್ತ್ವದ ಹೆಜ್ಜೆ ಸಿಕ್ಕಿತೆಂಬುದು ಘಟ್ಟದ ಬುಡದವರಾದ ನಮಗೆ ಆಪ್ತವೆನಿಸುವ ಸಂಗತಿ.

ನಮ್ಮ ಜಿಲ್ಲೆಗೆ ಮೋಟಾರು ಸಾರಿಗೆ ಬಂದ ಕಥೆಯಲ್ಲಿ 1914 ನೆನಪಿಡತಕ್ಕ ವರ್ಷ. ಆ ವರ್ಷ ವಿ. ಎಸ್. ಕುಡ್ವರು ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿಯನ್ನು ಸ್ಥಾಪಿಸಿದರು. ‘ಸಿ.ಪಿ.ಸಿ.’ ಎಂಬ ಮೂರಕ್ಷರ ಹಳೆಯ ತಲೆಮಾರಿಗೆ ಬಸ್ಸಿನ ಪರ್ಯಾಯನಾಮವೇ ಆಗಿಬಿಟ್ಟಿತು. ಅದೇ ಕುಡ್ವರು ಮುಂದೆ ಕೆನರಾ ವರ್ಕ್‌ಷಾಪ್ ಸ್ಥಾಪಿಸಿ ವಾಹನಗಳ ಸ್ಪ್ರಿಂಗ್ ತಯಾರಿಕೆಗೆ ಕೈಹಾಕಿದರು. ನಮ್ಮ ರಸ್ತೆಗಳ ಗುಣವನ್ನು ಬಲ್ಲವರಿಗೆ ಇದರ ಔಚಿತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದೂಸ್ಥಾನದ ಮೊದಲನೆಯ ಮೋಟಾರು ವಾಹನ ಕಾಯಿದೆ ಅಂಗೀಕಾರವಾದದ್ದೂ 1914ರಲ್ಲಿಯೇ.

ಆ ಕಾಲದ ವಾಹನಗಳ ಬಿರಿ ಹೇಗಿತ್ತು? ಹೆಚ್ಚಿನವಕ್ಕೆ ಹಿಂದಿನ ಎರಡು ಚಕ್ರಗಳಿಗಷ್ಟೇ ಬಿರಿ. ಕಾಲಿನ ಒತ್ತನ್ನು ಚಕ್ರಕ್ಕೆ ಮುಟ್ಟಿಸುತ್ತಿದ್ದುದು ಕಬ್ಬಿಣದ ಸರಳುಗಳು, ಇಲ್ಲವೇ ತಂತಿಯ ಹಗ್ಗಗಳು. ಕೀಲು ಸವೆದರೆ, ತಂತಿ ಹಿಗ್ಗಿದರೆ ಒಂದು ಚಕ್ರ ಹಿಡಿಯುವುದು, ಇನ್ನೊಂದು ಹಿಡಿಯದಿರುವುದು, ಗಾಡಿ ಓರೆಯಾಗಿ ಎಳೆಯುವುದು. ಎಲ್ಲ ಚಕ್ರಗಳಿಗೂ ಒತ್ತನ್ನು ಸಮನಾಗಿ ಹಂಚುವುದು ಹೇಗೆಂಬ ಪ್ರಶ್ನೆ ಯಂತ್ರಶಿಲ್ಪಿಗಳನ್ನು ಬಹುಕಾಲ ಕಾಡಿತು.

ಉತ್ತರ ಇನ್ನೂರೈವತ್ತು ವರ್ಷ ಹಿಂದೆಯೇ ಸಿದ್ಧವಾಗಿತ್ತು. ಫ್ರಾನ್ಸಿನ ತತ್ತ್ವಜ್ಞಾನಿ ಬ್ಲೇಸ್ ಪಾಸ್ಕಲ್, ಮುಚ್ಚಿದ ಪಾತ್ರೆಯೊಳಗಿನ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂಬುದನ್ನು ಕಂಡಿದ್ದ. ಆತನ ಆ ಪ್ರಬಂಧ ಅಚ್ಚಾದದ್ದು ಆತ ತೀರಿಕೊಂಡ ಮೇಲೆ, 1663ರಲ್ಲಿ. 1795ರಲ್ಲಿ ಜೋಸೆಫ್ ಬ್ರಾಮಾ ಎಂಬ ಆಂಗ್ಲ ಕುಶಲಿ ಇದೇ ತತ್ತ್ವದಿಂದ ದ್ರವದ ಒತ್ತುಯಂತ್ರವನ್ನು ಮಾಡಿದ. ಅದನ್ನು ಬಂಡಿಯ ಬಿರಿಗೆ ಹೊಂದಿಸಿದವನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್. ವಿಮಾನಗಳಿಗೆ ಹೆಸರಾದ ಅದೇ ಮನೆತನದವನು. 1917ರಲ್ಲಿ ಅವನು ತನ್ನ ಉಪಾಯಕ್ಕೆ ಹಕ್ಕು ಕೋರಿದ. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರು ನಾಲ್ಕು ಚಕ್ರಕ್ಕೂ ದ್ರವದ ಬಿರಿಯನ್ನು ತೊಟ್ಟು ಬಂತು. 1924ರಲ್ಲಿ ಕ್ರೈಸ್ಲರ್ ಅದನ್ನು ನಡುತರಗತಿಯ ಕಾರಿಗೂ ತಂದಿತು. ಹೆನ್ರಿ ಫೋರ್ಡ್ ಮಾತ್ರ ಉಕ್ಕಿನ ಸರಳನ್ನು ನಂಬಿದಷ್ಟು ಎಣ್ಣೆಯನ್ನು ನಂಬದೆ 1939ರವರೆಗೆ ಕಾಯ್ದ. ಅವನ ಶಂಕೆಗೆ ಆಧಾರವಿರಲಿಲ್ಲವೆಂದು ಹೇಳಲಾಗದು. ಸರಳು ಮುರಿದರೆ ಕಣ್ಣಿಗೆ ಕಾಣುತ್ತದೆ. ಎಣ್ಣೆಯ ಕೊಳವೆಯೊಳಗೆ ಗಾಳಿ ಹೊಕ್ಕರೆ ಅದು ಕಾಣುವುದಿಲ್ಲ. ಕಾಲಿಗೆ ಮಾತ್ರ ತಿಳಿಯುತ್ತದೆ.

ನಮ್ಮ ಕಡೆಗೆ ಈ ಎಣ್ಣೆಯ ಬಿರಿ ಮನೆಮಾತಾಗಿ ಬಂದದ್ದು ಸ್ವಾತಂತ್ರ್ಯಾನಂತರದ ಮೂರು ವಾಹನಗಳ ಮೂಲಕ. ಮಹೀಂದ್ರದವರು 1940ರ ದಶಕದ ಕೊನೆಯಿಂದ ಜೋಡಿಸಿ ಕೊಟ್ಟ ವಿಲ್ಲಿಸ್ ಜೀಪು, 1950ರ ದಶಕದ ಕೊನೆಗೆ ಉತ್ತರಪಾರದ ಕಾರ್ಖಾನೆಯಿಂದ ಹೊರಟು 2014ರವರೆಗೆ ತಯಾರಾದ ಅಂಬಾಸಡರ್, ಮುಂದೆ ಪದ್ಮಿನಿಯೆಂದು ನಾಮಕರಣಗೊಂಡ ಮುಂಬಯಿಯ ಫಿಯೆಟ್. 1962ರಲ್ಲಿ ಮದರಾಸಿನಲ್ಲಿ ಬ್ರೇಕ್ಸ್ ಇಂಡಿಯಾ ಕಂಪೆನಿ ಆರಂಭವಾದ ಮೇಲೆ ಬಿರಿಯ ಬಿಡಿಭಾಗಗಳೂ ನಮ್ಮ ದೇಶದಲ್ಲೇ ಸಿಗತೊಡಗಿದವು. ಅಡಿಕೆ ತೋಟದ ಒಡೆಯರ ಅಂಗಳದಲ್ಲಿ ಅಂಬಾಸಡರ್ ನಿಂತಿತು. ಬಸ್ಸು ಹೋಗಲಾರದ ಕೊರಕಲು ದಾರಿಗಳಲ್ಲಿ ಜೀಪು ಹೋಯಿತು. ಸುಳ್ಯ, ಕಡಬ, ಸುಬ್ರಹ್ಮಣ್ಯಗಳ ಒಳಭಾಗದ ಹಳ್ಳಿಗಳ ಎರಡು ತಲೆಮಾರು ಶಾಲೆಗೆ, ಸಂತೆಗೆ, ಆಸ್ಪತ್ರೆಗೆ ಹೋದದ್ದು ಈ ಸರ್ವೀಸು ಜೀಪುಗಳಲ್ಲಿ. ಒಳಗೆ ಎಷ್ಟು ಮಂದಿ, ಹಿಂದೆ ಜೋತು ನಿಂತವರು ಎಷ್ಟು ಮಂದಿ ಎಂಬ ಲೆಕ್ಕವನ್ನು ಯಾವ ಗ್ಯಾಸೆಟಿಯರೂ ದಾಖಲಿಸಿಲ್ಲ. ಅಷ್ಟೂ ಮಂದಿಯ ಭಾರವನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುತ್ತಿದ್ದುದು ಚಕ್ರದ ಒಳಗಿನ ಬೆರಳುದ್ದದ ಒಂದು ಸಿಲಿಂಡರು, ಅದರೊಳಗಿನ ನಾಣ್ಯದಷ್ಟು ಅಗಲದ ರಬ್ಬರಿನ ಕಪ್ಪು.

ಇನ್ನು ರೋಗಕ್ಕೆ ಬರೋಣ. ದ್ರವವನ್ನು ಅದುಮಿ ಕಿರಿದು ಮಾಡಲಾಗದು. ಗಾಳಿಯನ್ನು ಅದುಮಬಹುದು. ಪೆಡಲು ಒತ್ತಿದಾಗ ಕೊಳವೆಯ ತುಂಬ ಎಣ್ಣೆಯೇ ಇದ್ದರೆ ಕಾಲಿನ ಬಲವೆಲ್ಲ ಚಕ್ರಕ್ಕೆ ತಲುಪುತ್ತದೆ. ನಡುವೆ ಎಲ್ಲಿಯಾದರೂ ಗಾಳಿಯ ಗುಳ್ಳೆಯಿದ್ದರೆ, ಮೊದಲು ಆ ಗುಳ್ಳೆ ಕುಗ್ಗಬೇಕು. ಕಾಲಿನ ನಡೆಯೆಲ್ಲ ಅದನ್ನು ಕುಗ್ಗಿಸುವುದರಲ್ಲೇ ವ್ಯಯವಾಗುತ್ತದೆ. ನೀರಲ್ಲಿ ನೆನೆದ ಹತ್ತಿಯ ದಿಂಬನ್ನು ತುಳಿದ ಅನುಭವ ಅದು.

ಪುತ್ತೂರಿನಲ್ಲಿ ನಾನು ಅಧ್ಯಾಪಕನಾಗಿದ್ದ ವರ್ಷಗಳಲ್ಲಿ ಗ್ಯಾರೇಜೊಂದರ ಹಿರಿಯ ಮೆಕ್ಯಾನಿಕರ ಪರಿಚಯ ನನಗಿತ್ತು. ಸಂಜೆಯ ಹೊತ್ತು ಅವರ ಅಂಗಳದ ಮರದ ಪೆಟ್ಟಿಗೆಯ ಮೇಲೆ ಕುಳಿತು ಅವರ ಕೆಲಸ ನೋಡುವುದು ನನಗೊಂದು ವ್ಯಸನವಾಗಿತ್ತು. ಗಿರಾಕಿಗಳು ಬಂದು “ಬ್ರೇಕು ಸರಿಯಿಲ್ಲ” ಎಂದರೆ ಅವರು ಒಪ್ಪುತ್ತಿರಲಿಲ್ಲ. “ಸರಿಯಿಲ್ಲ ಅಂದರೆ ಸಾಲದು ಮಾರಾಯ್ರೇ, ಹೇಗೆ ಸರಿಯಿಲ್ಲ ಹೇಳಿ” ಎನ್ನುತ್ತಿದ್ದರು. ಪೆಡಲಿನ ದೂರುಗಳನ್ನು ಅವರು ಮೂರು ಬಗೆಯಾಗಿ ವಿಂಗಡಿಸುತ್ತಿದ್ದರು. ವ್ಯಾಕರಣದ ಮೇಷ್ಟ್ರಾಗಿದ್ದ ನನಗೆ ಆ ವರ್ಗೀಕರಣದ ಖಚಿತತೆ ಬೆರಗು ಹುಟ್ಟಿಸಿತು.

ಒಂದನೆಯದು, ಪೆಡಲು ಬಹಳ ಕೆಳಗೆ ಹೋಗಿ ಅನಂತರ ಗಟ್ಟಿಯಾಗುವುದು. ಕೂಡಲೇ ಎರಡನೆಯ ಸಲ ಒತ್ತಿದರೆ ಮೇಲೆಯೇ ನಿಲ್ಲುವುದು. ಇದರಲ್ಲಿ ಗಾಳಿಯ ಪಾತ್ರವಿಲ್ಲ. ಲೈನಿಂಗು ಸವೆದು ಡ್ರಮ್ಮಿನಿಂದ ದೂರವಾಗಿದೆ, ಹೊಂದಿಸಿ ಹತ್ತಿರ ತರಬೇಕು. ಎರಡನೆಯದು, ಪೆಡಲು ಎಲ್ಲಿಯೂ ಗಟ್ಟಿಯಾಗದೆ ಸ್ಪಂಜಿನಂತೆ ಮೆತ್ತಗಿರುವುದು. ಒಂದೇ ಸಮನೆ ನಾಲ್ಕಾರು ಸಲ ತುಳಿದರೆ ತುಸು ಮೇಲೇರಿದರೂ ಕಾಲಡಿಯಲ್ಲಿ ಚಿಮ್ಮಿದಂತಾಗುವುದು. ಇದು ಗಾಳಿ. ಅಪರೂಪಕ್ಕೆ, ಹಳತಾಗಿ ಒತ್ತಿದಾಗಲೆಲ್ಲ ಉಬ್ಬುವ ರಬ್ಬರ್ ಕೊಳವೆಯೂ ಕಾರಣವಾದೀತು. ಡ್ರಮ್ಮಿನ ಬಾಗಿಗೆ ಸರಿಯಾಗಿ ಕೂಡದ ಹೊಸ ಲೈನಿಂಗೂ ಆದೀತು. ಮೂರನೆಯದು, ಒತ್ತಿದಾಗ ಗಟ್ಟಿಯಿದ್ದು, ಕಾಲನ್ನು ಹಾಗೆಯೇ ಹಿಡಿದಿಟ್ಟರೆ ಮೆಲ್ಲಮೆಲ್ಲಗೆ ತಳಕ್ಕೆ ಇಳಿಯುವುದು. ಇದು ಮಾಸ್ಟರ್ ಸಿಲಿಂಡರಿನ ಕಪ್ಪು ಸವೆದು ಎಣ್ಣೆ ಹಿಂದಕ್ಕೆ ಜಾರುತ್ತಿರುವುದರ ಲಕ್ಷಣ, ಇಲ್ಲವೇ ಎಲ್ಲೋ ಹೊರಗೆ ಸೋರುತ್ತಿರುವುದರ ಲಕ್ಷಣ. ಮೂರಕ್ಕೂ ಮೂರು ಮದ್ದು. ಒಂದರ ಮದ್ದನ್ನು ಇನ್ನೊಂದಕ್ಕೆ ಮಾಡಿದರೆ ದುಡ್ಡೂ ದಂಡ, ರೋಗವೂ ಉಳಿಯಿತು.

ಗಾಳಿಯೆಂದು ನಿಶ್ಚಯವಾದ ಮೇಲೆ ಅವರ ಎರಡನೆಯ ಪ್ರಶ್ನೆ, “ಒಳಗೆ ಬಂದದ್ದು ಎಲ್ಲಿಂದ?” ಗಾಳಿ ತೆಗೆಯುವುದು ಅರ್ಧ ಗಂಟೆಯ ಕೆಲಸ. ಅದು ಹೊಕ್ಕ ಬಾಗಿಲನ್ನು ಹುಡುಕಿ ಮುಚ್ಚದಿದ್ದರೆ ವಾರದೊಳಗೆ ಮತ್ತೆ ಹೊಗುತ್ತದೆ. ಆದ್ದರಿಂದ ಅವರು ಮೊದಲು ಎಣ್ಣೆಯ ಡಬ್ಬಿಯ ಮಟ್ಟ ನೋಡುತ್ತಿದ್ದರು. ಮಟ್ಟ ತೀರ ಇಳಿದಿದ್ದರೆ, ಪೆಡಲು ಹಿಂದಿರುಗುವಾಗ ಸಿಲಿಂಡರು ಎಣ್ಣೆಯ ಬದಲು ಗಾಳಿಯನ್ನು ಹೀರಿದೆಯೆಂದು ಅರ್ಥ. ಇಳಿದದ್ದೇಕೆ? ನಾಲ್ಕು ಚಕ್ರಗಳನ್ನೂ ಬಿಚ್ಚಿ, ವೀಲ್ ಸಿಲಿಂಡರಿನ ರಬ್ಬರಿನ ಹೊದಿಕೆಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ಒಳಗೆ ಒದ್ದೆಯಿದೆಯೇ ಎಂದು ನೋಡುತ್ತಿದ್ದರು. ಕೊಳವೆಯ ಪ್ರತಿ ಕೂಡುವೆಡೆಯನ್ನೂ ಒಣಬಟ್ಟೆಯಿಂದ ಒರಸಿ, ಪೆಡಲು ಒತ್ತಿಸಿ, ಮತ್ತೆ ಮುಟ್ಟಿ ನೋಡುತ್ತಿದ್ದರು. ಲೈನಿಂಗಿನ ಧೂಳನ್ನು ಬಾಯಿಯಿಂದ ಊದಲು ಹುಡುಗರಿಗೆ ಅವರು ಬಿಡುತ್ತಿರಲಿಲ್ಲ. ಆಗಿನ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದು ಶ್ವಾಸಕೋಶಕ್ಕೆ ಹೊಕ್ಕರೆ ಎಂಥ ವಿಷವೆಂಬುದನ್ನು ವೈದ್ಯಶಾಸ್ತ್ರ ಈಗ ಚೆನ್ನಾಗಿ ತಿಳಿಸಿದೆ.

ಆಮೇಲೆ ಗಾಳಿ ತೆಗೆಯುವ ಕೆಲಸ. ಇದಕ್ಕೆ ಇಬ್ಬರು ಬೇಕು. ಒಬ್ಬ ಹುಡುಗ ಚಾಲಕನ ಪೀಠದಲ್ಲಿ, ಇನ್ನೊಬ್ಬರು ಚಕ್ರದ ಬಳಿ ನೆಲದ ಮೇಲೆ. ಮಾಸ್ಟರ್ ಸಿಲಿಂಡರಿಗೆ ಅತ್ಯಂತ ದೂರದ ಚಕ್ರದಿಂದ ಆರಂಭಿಸಿ ಹತ್ತಿರದ್ದಕ್ಕೆ ಬರುವುದು ಆ ಕಾರುಗಳ ಕ್ರಮ. ಚಕ್ರದ ಹಿಂಬದಿಯ ಪುಟ್ಟ ನಿಪ್ಪಲಿಗೆ ಪಾರದರ್ಶಕ ಕೊಳವೆಯೊಂದನ್ನು ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಸೀಸೆಯಲ್ಲಿ ಮುಳುಗಿಸುತ್ತಾರೆ. “ಒತ್ತು” ಎಂದಾಗ ಹುಡುಗ ಪೆಡಲನ್ನು ಮೆಲ್ಲನೆ ಒತ್ತುತ್ತಾನೆ. “ಹಿಡಿ” ಎಂದಾಗ ಹಾಗೆಯೇ ಹಿಡಿದಿರುತ್ತಾನೆ. ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಿದೊಡನೆ ಎಣ್ಣೆಯ ಜೊತೆ ಗಾಳಿ ಗುಳುಗುಳು ಎಂದು ಸೀಸೆಗೆ ಬರುತ್ತದೆ. ಪೆಡಲು ತಳಕ್ಕೆ ಇಳಿಯುತ್ತದೆ. ನಿಪ್ಪಲನ್ನು ಬಿಗಿದ ಮೇಲೆಯೇ “ಬಿಡು” ಎಂಬ ಮಾತು. ಈ ಮೂರನೆಯ ಮಾತಿಗೆ ಮುನ್ನ ಹುಡುಗ ಕಾಲೆತ್ತಿದನೋ, ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ, ಅಷ್ಟು ಹೊತ್ತಿನ ಶ್ರಮ ವ್ಯರ್ಥ. ಗುಳ್ಳೆ ನಿಲ್ಲುವವರೆಗೆ ಹೀಗೆ ಮತ್ತೆ ಮತ್ತೆ ಮಾಡಬೇಕು. ನಡುನಡುವೆ ಡಬ್ಬಿಗೆ ಎಣ್ಣೆ ತುಂಬುತ್ತಿರಬೇಕು. ಡಬ್ಬಿ ಬರಿದಾದರೆ ಮತ್ತೆ ಮೊದಲಿನಿಂದ. ಸೀಸೆಯ ನೊರೆಯೆಣ್ಣೆಯನ್ನು ತಿರುಗಿ ಸುರಿಯಕೂಡದು. ಬಣ್ಣದ ಮೇಲೆ ಬಿದ್ದರೆ ಅದು ಬಣ್ಣವನ್ನೇ ತಿನ್ನುತ್ತದೆ, ಕೂಡಲೇ ನೀರಿನಿಂದ ತೊಳೆಯಬೇಕು. ಪೆಡಲು ಮೇಲುಗಡೆಯೇ ಕಲ್ಲಿನಂತೆ ನಿಂತಾಗ ಕೆಲಸ ಮುಗಿಯಿತು. ಅದುವರೆಗೆ ಕಾರನ್ನು ರಸ್ತೆಗೆ ಬಿಡುವಂತಿಲ್ಲ.

‘ಒತ್ತು, ಹಿಡಿ, ಬಿಡು’. ಮೂರು ಅಚ್ಚ ಕನ್ನಡದ ಕ್ರಿಯಾಪದಗಳು. ಗ್ಯಾರೇಜಿನಲ್ಲಿ ತುಳು, ಬ್ಯಾರಿ, ಅರೆಭಾಷೆ, ಮಲೆಯಾಳಗಳೆಲ್ಲ ಕೇಳಿಬರುತ್ತಿದ್ದವು. ಭಾಷೆ ಯಾವುದಾದರೂ ಆಜ್ಞೆಯ ಕ್ರಮ ಒಂದೇ. ಪೆಡಲಿನ ಮೇಲಿದ್ದವನಿಗೆ ಚಕ್ರ ಕಾಣುವುದಿಲ್ಲ, ಚಕ್ರದ ಬಳಿಯಿದ್ದವರಿಗೆ ಪೆಡಲು ಕಾಣುವುದಿಲ್ಲ. ಒಬ್ಬರ ದನಿಯನ್ನು ಇನ್ನೊಬ್ಬರು ನಂಬಿ ಮಾಡುವ ಕೆಲಸ ಅದು.

ಈಗ ಎಣ್ಣೆಯ ವಿಚಾರ. ಬ್ರೇಕ್ ಆಯಿಲ್ ಎಂದು ನಾವು ಕರೆದರೂ ಇಂದು ಅದು ನಿಜವಾದ ಅರ್ಥದಲ್ಲಿ ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ರಾಸಾಯನಿಕ. ಹಿಂದಿನ ಕಾಲದಲ್ಲಿ ಮಾತ್ರ ಅದು ಹೆಚ್ಚಾಗಿ ಹರಳೆಣ್ಣೆ ಮತ್ತು ಮದ್ಯಸಾರದ ಮಿಶ್ರಣವಾಗಿತ್ತು. ನಮ್ಮ ಅಜ್ಜಿಯಂದಿರು ಮಕ್ಕಳ ಹೊಟ್ಟೆ ತೊಳೆಯಲು ಕುಡಿಸುತ್ತಿದ್ದ ಹರಳೆಣ್ಣೆಯೇ ಅಮೆರಿಕದ ಕಾರುಗಳನ್ನು ನಿಲ್ಲಿಸುತ್ತಿತ್ತು. ಕಾರಣ ರಬ್ಬರು. ಎಂಜಿನ್ ಆಯಿಲ್, ಸೀಮೆಎಣ್ಣೆ ಮುಂತಾದ ಖನಿಜ ತೈಲ ತಗುಲಿದರೆ ರಬ್ಬರಿನ ಕಪ್ಪು ಉಬ್ಬಿ ಹಾಳಾಗುತ್ತದೆ, ಹರಳೆಣ್ಣೆ ಅದನ್ನು ಕೆಡಿಸದು. ಈ ಭೇದ ತಿಳಿಯದೆ ತುರ್ತಿಗೆಂದು ಕೈಗೆ ಸಿಕ್ಕಿದ ಎಣ್ಣೆಯನ್ನು ಡಬ್ಬಿಗೆ ಸುರಿದವರು ಅಷ್ಟೂ ಕಪ್ಪುಗಳನ್ನು ಬದಲಾಯಿಸಬೇಕಾಗುತ್ತಿತ್ತು.

ರಬ್ಬರೆಂದಾಗ ನಮ್ಮ ಸೀಮೆಯ ಇನ್ನೊಂದು ಚರಿತ್ರೆ ನೆನಪಾಗುತ್ತದೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಪ್ರಕಾರ ಸಿಂಹಳದಿಂದ ಹಿಂದಿರುಗಿದ ತಮಿಳು ಕುಟುಂಬಗಳಲ್ಲಿ ಕೆಲವಕ್ಕೆ ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರ್ ತೋಟಗಳಲ್ಲಿ ಆಸರೆ ದೊರಕಿತು. ಅರಣ್ಯ ಅಭಿವೃದ್ಧಿ ನಿಗಮದ ಆ ತೋಟಗಳಲ್ಲಿ ಹಾಲು ಇಳಿಸುವ ಕೈಗಳು ಇಂದಿಗೂ ಹೆಚ್ಚಾಗಿ ಅವರವೇ. ಬಿರಿಯ ಕಪ್ಪುಗಳು ಈಗ ಬಹುತೇಕ ಕೃತಕ ರಬ್ಬರಿನವು; ಹಿಂದೆ ಸಹಜ ರಬ್ಬರಿನವೂ ಇದ್ದವು. ಸಣ್ಣದೊಂದು ಬಿಲ್ಲೆಯ ಹಿಂದೆ ಎಷ್ಟು ಸಮುದ್ರಗಳ ಕಥೆಯಿರುತ್ತದೆಂದು ಯೋಚಿಸಿದರೆ ಮನಸ್ಸು ಮೂಕವಾಗುತ್ತದೆ.

ಇಂದಿನ ಗ್ಲೈಕಾಲ್ ಎಣ್ಣೆಗೆ ಒಂದು ಸ್ವಭಾವದೋಷವಿದೆ. ಅದು ತೇವವನ್ನು ಹೀರುತ್ತದೆ. ವರ್ಷಕ್ಕೆ ಮೂರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ, ಆಷಾಢದಲ್ಲಿ ಪೆಟ್ಟಿಗೆಯೊಳಗಿನ ಪುಸ್ತಕಕ್ಕೂ ಬೂಷ್ಟು ಹಿಡಿಯುವ ನಮ್ಮ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ‘ಡಾಟ್ 3’ ಎಂಬ ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ಅದೇ ಎಣ್ಣೆ ನೂರಕ್ಕೆ ನಾಲ್ಕು ಪಾಲಿನಷ್ಟು ನೀರು ಹೀರಿದ ಮೇಲೆ ಸುಮಾರು 140 ಡಿಗ್ರಿಗೇ ಕುದಿಯಬಹುದು. ‘ಡಾಟ್ 4’ ದರ್ಜೆಗೆ ಈ ಅಂಕಿಗಳು 230 ಮತ್ತು 155.

ಕುದಿಯುವಷ್ಟು ಕಾವು ಎಲ್ಲಿಂದ ಬರುತ್ತದೆಂದು ನೀವು ಕೇಳಬಹುದು. ಮಡಿಕೇರಿ ಸಮುದ್ರಮಟ್ಟಕ್ಕಿಂತ ಸಾವಿರದ ನೂರು ಮೀಟರಿಗೂ ಎತ್ತರದಲ್ಲಿದೆ. ಸುಳ್ಯ ನೂರು ಮೀಟರಿನ ಆಸುಪಾಸಿನಲ್ಲಿದೆ. ಸಂಪಾಜೆ ಘಾಟಿಯಲ್ಲಿ ಇಳಿದು ಬರುವ ಕಾರು ಸುಮಾರು ಸಾವಿರ ಮೀಟರು ಕೆಳಗೆ ಬರುತ್ತದೆ. ಜನ, ಸಾಮಾನು ಸೇರಿ ಕಾರಿನ ತೂಕ 1,200 ಕಿಲೋ ಎಂದಿಟ್ಟುಕೊಳ್ಳಿ. ಆ ಇಳಿತದ ಶಕ್ತಿಯೆಲ್ಲ ಬಿರಿಯ ಮೂಲಕವೇ ಕಾವಾಗಿ ಮಾರ್ಪಟ್ಟರೆ, ಸುಮಾರು 35 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ಮುಟ್ಟಿಸಬಹುದು. ಒಂದು ಹಂಡೆ ಬಿಸಿನೀರು! ಚಾಲಕನು ಎರಡನೆಯ, ಮೂರನೆಯ ಗೇರಿನಲ್ಲಿ ಇಳಿದರೆ ಇದರ ದೊಡ್ಡ ಪಾಲನ್ನು ಎಂಜಿನ್ನು ಹೊರುತ್ತದೆ. ಗೇರು ತಪ್ಪಿಸಿ, ಪೆಟ್ರೋಲು ಉಳಿಸುವ ಆಸೆಯಿಂದ ಎಂಜಿನ್ನನ್ನೂ ನಿಲ್ಲಿಸಿ, ಬಿರಿಯ ಮೇಲೆಯೇ ಕಾಲೂರಿ ಇಳಿದರೆ ಆ ಹಂಡೆಯ ಕಾವೆಲ್ಲ ನಾಲ್ಕು ಚಕ್ರಗಳ ಬಿರಿಯೊಳಗೆ ತುಂಬುತ್ತದೆ. ಹಳೆಯ, ನೀರು ಕುಡಿದ ಎಣ್ಣೆ ಕುದಿದು ಆವಿಯಾಗುತ್ತದೆ. ಆವಿಯೂ ಗಾಳಿಯಂತೆಯೇ ಕುಗ್ಗುವ ವಸ್ತು. ಬೆಳಿಗ್ಗೆ ಗಟ್ಟಿಯಾಗಿದ್ದ ಪೆಡಲು ಘಾಟಿಯ ನಡುವೆ ಒಮ್ಮೆಗೇ ಬೆಣ್ಣೆಯಾಗುತ್ತದೆ. ವಿಚಿತ್ರವೆಂದರೆ, ಕಾರು ಹೇಗೋ ನಿಂತು ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ. ಪೆಡಲು ಮತ್ತೆ ಗಟ್ಟಿ. ಗ್ಯಾರೇಜಿಗೆ ತಂದಾಗ ರೋಗದ ಕುರುಹೇ ಇಲ್ಲ! ದೆವ್ವದ ತಿರುವೆಂದು ಹೆಸರಾದ ತಿರುವುಗಳಲ್ಲಿ ಎಷ್ಟರಲ್ಲಿ ಈ ಕುದಿದ ಎಣ್ಣೆಯ ಚೇಷ್ಟೆಯಿದೆಯೋ ಎಂದು ನನಗೆ ಎಷ್ಟೋ ಸಲ ಅನಿಸಿದ್ದುಂಟು.

ಇಲ್ಲೊಂದು ಸ್ವಾರಸ್ಯವನ್ನು ಹೇಳಬೇಕು. ಕಾರಿನ ಬಿರಿಗೆ ಶತ್ರುವಾದ ಗಾಳಿಯೇ ರೈಲಿನ ಬಿರಿಗೆ ಸೇವಕ. 1869ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ರೈಲಿಗೆ ಒತ್ತುಗಾಳಿಯ ಬಿರಿಯನ್ನು ಜೋಡಿಸಿದ. ಇಂದಿನ ಲಾರಿ ಬಸ್ಸುಗಳಲ್ಲೂ ಹೆಚ್ಚಾಗಿ ಗಾಳಿಯ ಬಿರಿಯೇ. ಈಗ ಕಡಬ ತಾಲೂಕಿಗೆ ಸೇರಿದ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಸಕಲೇಶಪುರಕ್ಕೆ ಏರುವ ರೈಲು ಮಾರ್ಗ 1979ರಲ್ಲಿ ತೆರೆಯಿತು. ಐವತ್ತು ಅಡಿ ಸಾಗಿದರೆ ಒಂದು ಅಡಿ ಏರುವ ಆ ದಾರಿಯಲ್ಲಿ ಇಳಿಯುವ ಗೂಡ್ಸ್ ಗಾಡಿಯನ್ನು ಹೊರಡಿಸುವ ಮುನ್ನ ಬಿರಿಯ ಪರೀಕ್ಷೆ ಒಂದು ವ್ರತದಂತೆ ನಡೆಯುತ್ತದೆ. ಬಿರಿ ಸರಿಯಿದೆಯೆಂದು ಬರವಣಿಗೆಯಲ್ಲಿ ಖಚಿತವಾಗದೆ ಗಾಡಿ ಕದಲುವುದಿಲ್ಲ. ಅದೇ ಬೆಟ್ಟದಲ್ಲಿ, ಕೂಗಳತೆಯ ರಸ್ತೆಯಲ್ಲಿ ಇಳಿಯುವ ನಮ್ಮ ಕಾರು ಜೀಪುಗಳಿಗೆ ಅಂಥ ನೇಮವಿಲ್ಲ.

ಈ ನೇಮವಿಲ್ಲದಿರುವಿಕೆಯೇ ನನ್ನ ಮಾತಿನ ತಿರುಳು. ಎಷ್ಟೋ ವರ್ಷಗಳ ಹಿಂದೆ ಕಡಬದ ಆಚೆಗಿನ ಹಳ್ಳಿಯೊಂದಕ್ಕೆ ತಾಳಮದ್ದಳೆಯ ನಿಮಿತ್ತ ಬಾಡಿಗೆ ಜೀಪಿನಲ್ಲಿ ಹೋಗಿದ್ದೆ. ಪ್ರತಿ ಇಳಿಜಾರಿನ ತಲೆಯಲ್ಲೂ ಚಾಲಕ ಪೆಡಲನ್ನು ತಟತಟನೆ ಮೂರು ಬಾರಿ ತುಳಿಯುತ್ತಿದ್ದ. ಕೇಳಿದರೆ, “ಏನಿಲ್ಲ ಮಾಸ್ಟ್ರೇ, ಮೂರನೆಯದಕ್ಕೆ ಹಿಡಿಯುತ್ತದೆ” ಎಂದ. ಅವನ ದನಿಯಲ್ಲಿ ಭಯವಿರಲಿಲ್ಲ, ಬದಲಿಗೆ ತನ್ನ ಗಾಡಿಯ ಗುಟ್ಟನ್ನು ಬಲ್ಲವನ ಹೆಮ್ಮೆಯಿತ್ತು. ಹಿಂದೆ ಹತ್ತು ಹನ್ನೆರಡು ಮಂದಿ, ಅವರಲ್ಲಿ ಶಾಲೆಯಿಂದ ಮರಳುವ ಮಕ್ಕಳು. ಅಂದು ಏನೂ ಆಗಲಿಲ್ಲ. ಆದರೆ ಎಮ್ಮೆಯೊಂದು ದಾರಿಗೆ ಅಡ್ಡ ಬಂದಾಗ ಮೂರು ಬಾರಿ ತುಳಿಯುವ ವ್ಯವಧಾನವನ್ನು ಯಾರು ಕೊಡುತ್ತಾರೆ? ಗಂಟೆಗೆ 36 ಕಿಲೋಮೀಟರು ವೇಗವೆಂದರೆ ಒಂದು ಸೆಕೆಂಡಿಗೆ ಹತ್ತು ಮೀಟರು. ಎರಡು ವ್ಯರ್ಥ ತುಳಿತಗಳಲ್ಲಿ ಒಂದೇ ಸೆಕೆಂಡು ಕಳೆದರೂ ಜೀಪು ಒಂದು ಮನೆಯುದ್ದ ಮುಂದೆ ಹೋಗಿರುತ್ತದೆ. ಆ ಹಳೆಯ ವಾಹನಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಎಣ್ಣೆಯ ಜಾಲ. ಒಂದು ಕಡೆ ತೂತಾದರೆ ನಾಲ್ಕೂ ಕೈಬಿಟ್ಟವು. ಜಾಲವನ್ನು ಎರಡಾಗಿ ಒಡೆದು, ಒಂದು ಸೋತರೆ ಇನ್ನೊಂದು ಉಳಿಯುವಂತೆ ಮಾಡಿದ ಏರ್ಪಾಟು ಅಮೆರಿಕದಲ್ಲಿ 1960ರ ದಶಕದ ಕೊನೆಗೆ ಕಡ್ಡಾಯವಾದರೂ ನಮ್ಮಲ್ಲಿಗೆ ತಡವಾಗಿ ಬಂತು.

ಕೆಟ್ಟದ್ದನ್ನು ಸರಿಪಡಿಸದೆ ಅದಕ್ಕೆ ಹೊಂದಿಕೊಳ್ಳುವ ನಮ್ಮ ಜಾಣತನವನ್ನು ಸಹನೆಯೆಂದು ಹೊಗಳುವ ರೂಢಿಯುಂಟು. ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟು ಮಳೆಗಾಲ ಕಳೆಯುವುದು ಈ ಜಾಣತನವೇ. ಮಾಡಿನ ವಿಷಯದಲ್ಲಿ ಚಾಪೆ ಒದ್ದೆಯಾದೀತು, ಅಷ್ಟೆ. ಬಿರಿಯ ವಿಷಯದಲ್ಲಿ ತೆರಬೇಕಾದ ಬೆಲೆ ಬೇರೆಯವರ ಮಕ್ಕಳದ್ದೂ ಆಗಿರುತ್ತದೆ. ಮೆತ್ತಗಾದ ಪೆಡಲು ಮುನ್ನೆಚ್ಚರಿಕೆ ಕೊಡುವ ರೋಗ. ಕೈಕೊಡುವ ಮುನ್ನ ಅದು ದಿನಗಟ್ಟಲೆ ಕಾಲಿಗೆ ಪಿಸುಗುಟ್ಟುತ್ತಿರುತ್ತದೆ. ಮೂರು ಸಲ ತುಳಿಯುವ ಅಭ್ಯಾಸ ಆ ಪಿಸುಮಾತಿಗೆ ಕಿವಿ ಮುಚ್ಚಿಕೊಳ್ಳುವ ಉಪಾಯ.

ಈಗ ಕಾಲ ಬದಲಾಗಿದೆ. ಮುಂದಿನ ಚಕ್ರಕ್ಕೆ ತಟ್ಟೆಯ ಬಿರಿ ತೊಟ್ಟ ಮಾರುತಿ 1983ರ ಕೊನೆಗೆ ಬಂತು. ಚಕ್ರ ಜಾಮಾಗದಂತೆ ತಡೆಯುವ ಎ.ಬಿ.ಎಸ್. ಏರ್ಪಾಟು 2019ರ ಏಪ್ರಿಲಿನಿಂದ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಗಿದೆ. ಅದರ ಗಾಳಿ ತೆಗೆಯಲು ಕೆಲವೊಮ್ಮೆ ಗಣಕಯಂತ್ರವನ್ನೇ ಜೋಡಿಸಬೇಕಾಗುತ್ತದೆ. ಆದರೂ ಪಾಸ್ಕಲನ ನಿಯಮ ಬದಲಾಗಿಲ್ಲ. ಅತ್ಯಾಧುನಿಕ ಕಾರಿನ ಬಿರಿಗೂ ಎಣ್ಣೆಯೇ ಬೇಕು, ಆ ಎಣ್ಣೆಯೂ ನಮ್ಮ ಮಳೆಗಾಲದ ತೇವವನ್ನು ಹೀರುತ್ತದೆ. ಎರಡು ವರ್ಷಕ್ಕೊಮ್ಮೆ, ವಾಹನದ ಕೈಪಿಡಿ ಬೇರೆ ಹೇಳಿದರೆ ಅದರಂತೆ, ಎಣ್ಣೆ ಬದಲಾಯಿಸುವುದೂ, ಮಳೆಗಾಲಕ್ಕೆ ಮುನ್ನ ಕೊಳವೆ, ಕಪ್ಪುಗಳನ್ನು ಪರೀಕ್ಷಿಸುವುದೂ ಘಟ್ಟದ ಬುಡದ ವಾಹನವಂತರಿಗೆ ಪತ್ತನಾಜೆಗೆ ಮುನ್ನ ಮಾಡು ಸರಿಮಾಡಿಸಿದಷ್ಟೇ ಸಹಜವಾಗಬೇಕು.

ಪುತ್ತೂರನ್ನು ಮನೆ ಮಾಡಿಕೊಂಡಿದ್ದ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನೂ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ವನ್ನೂ ಕನ್ನಡದಲ್ಲಿ ಕಟ್ಟಿಕೊಟ್ಟರು. ಲೋಕದ ಜ್ಞಾನ ಕನ್ನಡದಲ್ಲಿ ಇರಬೇಕೆಂಬ ಹಟ ಅವರದು. ಆ ಹಟದ ಒಂದು ಪಾಲು ನಮ್ಮ ಗ್ಯಾರೇಜುಗಳ ಜ್ಞಾನಕ್ಕೂ ಸಲ್ಲಬೇಕು. ಕಾಲಡಿಯ ಸ್ಪರ್ಶದಿಂದ ಮೂರು ರೋಗಗಳನ್ನು ಬೇರ್ಪಡಿಸಬಲ್ಲ ಆ ಹಿರಿಯರ ವಿದ್ಯೆ ಪುಸ್ತಕದಲ್ಲಿಲ್ಲ. ಅವರ ಹುಡುಗರಲ್ಲಿ ಅನೇಕರು ಊರು ಬಿಟ್ಟು ದೂರದ ನಾಡುಗಳಿಗೆ ಹೋದರು. ಸೀಮೆಯ ಚರಿತ್ರೆ ಬರೆಯುವವರು ಅರಸರ ಶಾಸನ, ದೇವಸ್ಥಾನದ ಕೈಫಿಯತ್ತುಗಳ ಜೊತೆಗೆ, ಎಪ್ಪತ್ತು ದಾಟಿದ ಮೆಕ್ಯಾನಿಕರ ಮುಂದೆಯೂ ಒಂದು ಸಂಜೆ ಕುಳಿತು ಅವರ ಮಾತನ್ನು ಬರೆದಿಟ್ಟುಕೊಳ್ಳಲಿ. ಘಟ್ಟದ ದಾರಿಯಲ್ಲಿ ನಾವು ಇಷ್ಟು ವರ್ಷ ಕ್ಷೇಮವಾಗಿ ಹೋಗಿಬಂದದ್ದರಲ್ಲಿ ಆ ಎಣ್ಣೆಗೈಗಳ ಪಾಲು ದೊಡ್ಡದು.